ಸೀರೆ ಗಾರ್ಡು ಕಿತ್ತರೆ ಗಾಡಿ ಅಸಲಿಯೇ?

ಯಾದಗಿರಿ ತಾಲ್ಲೂಕಿನ ಬಳಿಚಕ್ರದಂಥ ಊರಿನಲ್ಲಿ, ದನದ ಕೊಟ್ಟಿಗೆಯ ಮೂಲೆಯಲ್ಲಿ ಗೊಬ್ಬರದ ಚೀಲ ಹೊದ್ದು ಒಂದು ಹಳೆಯ ಯಮಹಾ ಬೈಕು ನಿಂತಿದ್ದರೆ ಸಾಕು, ಅದನ್ನು ಕೇಳಿಕೊಂಡು ದೂರದ ಪಟ್ಟಣಗಳಿಂದ ಜನ ಬರುವ ಕಾಲ ಇದು. ಬಂದವನು ಮೊದಲು ಬೆಲೆ ಕೇಳುವುದಿಲ್ಲ. ಕುಕ್ಕರುಗಾಲಲ್ಲಿ ಕೂತು ಎಂಜಿನ್ನಿನ ಬದಿಯ ಮಣ್ಣು ಒರೆಸುತ್ತಾನೆ. ಕಾರ್ಬ್ಯುರೇಟರಿನ ಮೇಲೆ ಮೊಬೈಲಿನ ಬೆಳಕು ಬಿಟ್ಟು ಏನನ್ನೋ ಹುಡುಕುತ್ತಾನೆ. ಸಿಗದಿದ್ದರೆ ಮುಖ ಸಣ್ಣ ಮಾಡಿ, ‘ಕಾಕಾ, ಇದು ಜಪಾನ್ ಅಲ್ಲ, ಲೋಕಲ್ ಅದ’ ಎನ್ನುತ್ತಾನೆ. ‘ನಮ್ಮಪ್ಪ ಹೊಸಾದೇ ತಂದಾನ ತಮ್ಮಾ, ಶೋರೂಮಿನ ಗಾಡಿ ಅದ’ ಎಂದು ಮನೆಯವರು ಹೇಳಿದರೂ ಆತ ತಲೆ ಅಲ್ಲಾಡಿಸುತ್ತಾನೆ. ಬೆಲೆ ಅಲ್ಲಿಗೆ ಅರ್ಧಕ್ಕಿಳಿಯುತ್ತದೆ.

ಶೋರೂಮಿನಿಂದ ನೇರವಾಗಿ ಮನೆಗೆ ಬಂದು, ಒಂದೇ ಮನೆಯಲ್ಲಿ ಮೂವತ್ತೈದು ವರ್ಷ ಓಡಿದ ಗಾಡಿ ಅಸಲಿ ಅಲ್ಲವೆಂದರೆ ಅಸಲಿ ಎಂದರೆ ಯಾವುದು? ಈ ಪ್ರಶ್ನೆಗೆ ಉತ್ತರ ಕೊಟ್ಟಿಗೆಯಲ್ಲಿ ಸಿಗುವುದಿಲ್ಲ. 1980ರ ದಶಕದ ಲೈಸೆನ್ಸು, ಆಮದು ಸುಂಕ ಮತ್ತು ಜಪಾನಿನ ಯೆನ್ ನಾಣ್ಯದ ಕತೆಯಲ್ಲಿ ಅದನ್ನು ಹುಡುಕಬೇಕಾಗುತ್ತದೆ.

ಆ ದಶಕಕ್ಕೆ ಮುಂಚೆ ಭಾರತದ ರಸ್ತೆಗಳ ಮೇಲೆ ಓಡುತ್ತಿದ್ದ ಮೋಟಾರ್ ಸೈಕಲ್ಲುಗಳ ವಂಶಾವಳಿ ಯೂರೋಪಿನದು. ಎನ್‌ಫೀಲ್ಡ್ ಇಂಗ್ಲೆಂಡಿನಿಂದ ಬಂದದ್ದು. ಎಸ್ಕಾರ್ಟ್ಸ್ ಕಂಪನಿಯ ರಾಜದೂತ್ ಪೋಲೆಂಡಿನ ಎಸ್‌ಎಚ್‌ಎಲ್ ಗಾಡಿಯ ರೂಪಾಂತರ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಂಪನಿ 1961ರಿಂದ ತಯಾರಿಸಿದ ಜಾವಾ ಚೆಕೊಸ್ಲೊವಾಕಿಯದ್ದು. 1973ರ ನಂತರ ಅದೇ ‘ಯೆಜ್ಡಿ’ ಆಯಿತು. ಇವೆಲ್ಲ ಗಟ್ಟಿಮುಟ್ಟಾದ, ಸಾಮಾನು ಹೊರುವ ಗಾಡಿಗಳು. ವೇಗದ ಮಾತು ಬಂದಾಗ ಹುಡುಗರು ಯೆಜ್ಡಿಯ ಹೆಸರು ಹೇಳುತ್ತಿದ್ದರು, ಅಷ್ಟೆ.

ಎಂಬತ್ತರ ದಶಕದ ಆರಂಭದಲ್ಲಿ ಕೇಂದ್ರ ಸರ್ಕಾರ ವಿದೇಶಿ ತಾಂತ್ರಿಕ ಸಹಯೋಗಕ್ಕೆ ಬಾಗಿಲು ಸ್ವಲ್ಪ ತೆರೆಯಿತು. ಜಪಾನಿನ ನಾಲ್ಕೂ ದೊಡ್ಡ ಕಂಪನಿಗಳು ಒಂದರ ಹಿಂದೊಂದು ಒಳಬಂದವು. 1984ರಲ್ಲಿ ನೆರೆಯ ಹೊಸೂರಿನಿಂದ ಇಂಡ್-ಸುಜುಕಿ, 1985ರಲ್ಲಿ ಹೀರೊ ಹೊಂಡಾ, ಅದೇ ವರ್ಷದ ಕೊನೆಗೆ ಯಮಹಾದ ಆರ್‌ಎಕ್ಸ್ 100, ಆಮೇಲೆ ಕವಾಸಾಕಿ ಬಜಾಜ್. ಇವುಗಳಿಗಿಂತ ಮೊದಲೇ, 1983ರಲ್ಲಿ, ಎಸ್ಕಾರ್ಟ್ಸ್ ಕಂಪನಿ ಯಮಹಾದ ಆರ್‌ಡಿ 350 ಗಾಡಿಯನ್ನು ರಾಜದೂತ್ 350 ಎಂಬ ಹೆಸರಿನಲ್ಲಿ ತಂದಿತ್ತು. ಎರಡು ಸಿಲಿಂಡರ್, 347 ಸಿ.ಸಿ., ಆರು ಗೇರು. ಜಪಾನಿನಲ್ಲಿ ಅದು 1973ರ ಗಾಡಿ. ಅಲ್ಲಿ ಅದರ ತಯಾರಿಕೆ ನಿಂತು ವರ್ಷಗಳೇ ಆಗಿದ್ದವು. ಇಲ್ಲಿನ ಜನಕ್ಕೆ ಮಾತ್ರ ಅದು ಆಕಾಶದಿಂದ ಇಳಿದ ಯಂತ್ರ. ಪೆಟ್ರೋಲು ಕುಡಿಯುವುದರಲ್ಲೂ ಅದು ಅಷ್ಟೇ ಅಸಾಮಾನ್ಯವಾಗಿತ್ತು. ದಶಕ ಮುಗಿಯುವಷ್ಟರಲ್ಲಿ ಅದರ ಕತೆ ಮುಗಿಯಿತು.

ಆರ್‌ಎಕ್ಸ್ 100ರ ಹಣೆಬರಹ ಬೇರೆ. ಎಂಜಿನ್ 98 ಸಿ.ಸಿ., ಶಕ್ತಿ 11 ಅಶ್ವಶಕ್ತಿ, ತೂಕ ಕ್ವಿಂಟಲ್ಲಿನ ಆಸುಪಾಸು. ಕಾಗದದ ಮೇಲೆ ಇವು ದೊಡ್ಡ ಅಂಕಿಗಳಲ್ಲ. ಆದರೆ ಕಡಿಮೆ ತೂಕಕ್ಕೆ ಆ ಶಕ್ತಿ ಸೇರಿದಾಗ ಗಾಡಿ ಚಿಮ್ಮುವ ರೀತಿಯೇ ಬೇರೆಯಾಗಿತ್ತು. 1996ರಲ್ಲಿ ಹೊಗೆಯ ನಿಯಮಗಳು ಬಿಗಿಯಾದಾಗ ಅದು ನಿಂತಿತು. ಮೈಸೂರಿನ ಯೆಜ್ಡಿ ಕಾರ್ಖಾನೆಗೂ ಅದೇ ವರ್ಷ ಬೀಗ ಬಿತ್ತೆಂಬುದು ಕಾಕತಾಳೀಯ.

ಇಲ್ಲೊಂದು ಸೂಕ್ಷ್ಮವಿದೆ. ಸರ್ಕಾರ ಸಹಯೋಗಕ್ಕೆ ಒಪ್ಪಿದ್ದು ಷರತ್ತಿನ ಮೇಲೆ. ಮೊದಮೊದಲು ಬಿಡಿಭಾಗಗಳನ್ನು ಜಪಾನಿನಿಂದ ತರಿಸಿ ಜೋಡಿಸಬಹುದು. ವರ್ಷದಿಂದ ವರ್ಷಕ್ಕೆ ಆ ಪಾಲು ಇಳಿದು ದೇಶೀ ಭಾಗಗಳ ಪಾಲು ಏರಬೇಕು. ‘ಹಂತಹಂತದ ತಯಾರಿಕೆ’ ಎಂದು ಇದಕ್ಕೆ ಹೆಸರು. ಇದರ ಜೊತೆಗೆ 1985ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಐದು ಶ್ರೀಮಂತ ದೇಶಗಳ ನಡುವೆ ಒಪ್ಪಂದವಾಗಿ, ಯೆನ್ ಮೌಲ್ಯ ಡಾಲರಿನೆದುರು ಮೂರೇ ವರ್ಷಗಳಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಜಪಾನಿನಿಂದ ಬರುವ ಪ್ರತಿ ಸ್ಕ್ರೂ ದುಬಾರಿಯಾಯಿತು. ಕಂಪನಿಗಳಿಗೆ ದೇಶೀ ಭಾಗಗಳತ್ತ ಓಡದೆ ಗತ್ಯಂತರವಿರಲಿಲ್ಲ.

ಹೀಗಾಗಿ ‘ಇಷ್ಟನೇ ತಾರೀಖಿನವರೆಗೆ ಜಪಾನ್, ಅಲ್ಲಿಂದಾಚೆ ಲೋಕಲ್’ ಎಂದು ಗೆರೆ ಎಳೆಯಲು ಬರುವುದಿಲ್ಲ. ಮೊದಲ 5,000 ಆರ್‌ಎಕ್ಸ್ ಗಾಡಿಗಳು ಪೂರ್ತಿ ಜಪಾನಿನ ಭಾಗಗಳಿಂದಲೇ ಜೋಡಣೆಯಾದವು ಎಂಬ ಮಾತು ಪ್ರಚಲಿತವಾಗಿದೆ. ಆನಂತರದ ಗಾಡಿಗಳಲ್ಲಿ ಒಂದೊಂದೇ ಭಾಗ ದೇಶೀಯವಾಗುತ್ತ ಹೋಯಿತು. ಒಂದೇ ಗಾಡಿಯಲ್ಲಿ ಎರಡೂ ದೇಶದ ಭಾಗಗಳು ಕಾರ್ಖಾನೆಯಿಂದಲೇ ಕೂಡಿ ಬಂದದ್ದುಂಟು. 1991ರ ಗಾಡಿಯಲ್ಲಿ ದೇಶೀ ಕಾರ್ಬ್ಯುರೇಟರ್ ಇದ್ದರೆ ಅದೇ ಅದರ ಅಸಲಿ ಕಾರ್ಬ್ಯುರೇಟರ್. ಅದನ್ನು ಬಿಚ್ಚಿ, ‘ಮಿಕುನಿ, ಜಪಾನ್’ ಎಂದು ಕೆತ್ತಿರುವ ಹಳೆಯದೊಂದನ್ನು ಕೂರಿಸಿದರೆ ಗಾಡಿ ಚೆನ್ನಾಗಿ ಓಡೀತು, ಆದರೆ ಅಸಲಿತನ ಒಂದು ಮೆಟ್ಟಿಲು ಇಳಿದ ಹಾಗೆಯೇ.

ರಾಜದೂತ್ 350ರಲ್ಲಿ ಇದು ಇನ್ನೂ ಸ್ಪಷ್ಟ. ಜಪಾನಿನ ಆರ್‌ಡಿಗೆ ಮುಂದಿನ ಚಕ್ರದಲ್ಲಿ ಡಿಸ್ಕ್ ಬ್ರೇಕು, ಇಲ್ಲಿನದಕ್ಕೆ ಡ್ರಮ್ಮು. ಜಪಾನಿನದಕ್ಕೆ 39 ಅಶ್ವಶಕ್ತಿ. ಇಲ್ಲಿ ಮೊದಲು ಬಂದ ‘ಹೈ ಟಾರ್ಕ್’ ಗಾಡಿಗೆ 30.5, ಮೈಲೇಜಿಗಾಗಿ 1985ರ ಹೊತ್ತಿಗೆ ಇನ್ನಷ್ಟು ಇಳಿಸಿದ ‘ಲೋ ಟಾರ್ಕ್’ ಗಾಡಿಗೆ 27. ಆ ಡ್ರಮ್ ಬ್ರೇಕನ್ನು ಅದರ ಅಭಿಮಾನಿಗಳೂ ಹೊಗಳುವುದಿಲ್ಲ. ಈಗ ಹೊರದೇಶದಿಂದ ಡಿಸ್ಕ್ ಬ್ರೇಕು ತರಿಸಿ ಹಾಕಿಸಿಕೊಳ್ಳುವವರಿದ್ದಾರೆ. ಪ್ರಾಣ ದೊಡ್ಡದು, ಆಕ್ಷೇಪವಿಲ್ಲ. ಆದರೆ ಹಾಗೆ ಮಾಡಿ ‘ಈಗ ಪೂರ್ತಿ ಒರಿಜಿನಲ್’ ಎಂದು ಬೆಲೆ ಹೇಳುವುದು ಸೋಜಿಗ.

ಈ ಗೀಳು ನಮ್ಮದಷ್ಟೇ ಅಲ್ಲ. ಜಪಾನಿನ ಹಳೆಯ ಸ್ಪೋರ್ಟ್ಸ್ ಕಾರುಗಳ ಲೋಕದಲ್ಲಿ ಇದು ಕೋಟಿಗಳ ವ್ಯವಹಾರ. ನಿಸಾನ್ 1969ರಲ್ಲಿ ಸ್ಕೈಲೈನ್ ಜಿಟಿ-ಆರ್ ಎಂಬ ಕಾರು ತಂದಿತು. ನೋಡಲು ಅದು ಸಾಮಾನ್ಯ ಸ್ಕೈಲೈನಿನಂತೆಯೇ. ಒಳಗೆ ಮಾತ್ರ ರೇಸಿನ ಕಾರಿನಿಂದ ಬಂದ ‘ಎಸ್20’ ಎಂಜಿನ್. 1973ರಲ್ಲಿ ಬಂದ ಅದರ ಮುಂದಿನ ಮಾದರಿ ತಯಾರಾದದ್ದು ಕೇವಲ 197. ಸಂಖ್ಯೆ ಇಷ್ಟು ಕಡಿಮೆಯಾದಾಗ ಸಾಮಾನ್ಯ ಸ್ಕೈಲೈನಿಗೆ ಜಿಟಿ-ಆರ್ ವೇಷ ಹಾಕುವುದು ಶುರುವಾಯಿತು. ಬಿಲ್ಲೆ, ಬಂಪರು, ಬಣ್ಣ ಎಲ್ಲವನ್ನೂ ಕೊಂಡು ಹಾಕಬಹುದು. ಎಂಜಿನ್ ಕೋಣೆಯ ಫಲಕದ ಸಂಕೇತ ಮಾತ್ರ ಗುಟ್ಟು ಬಿಟ್ಟುಕೊಡುತ್ತದೆ. ಜಿಟಿ-ಆರ್‌ಗೆ ‘ಪಿಜಿಸಿ10’, ಸಾಮಾನ್ಯ ಕಾರಿಗೆ ‘ಜಿಸಿ10’. ಒಂದಕ್ಷರದ ಮೇಲೆ ಬೆಲೆ ಹತ್ತಾರು ಪಟ್ಟು ಏರಿಳಿಯುತ್ತದೆ.

ಟೊಯೊಟಾ 2000ಜಿಟಿ ಕಾರಿನದು ಇನ್ನೊಂದು ಬಗೆ. 1967ರಿಂದ 1970ರವರೆಗೆ ಸುಮಾರು 350 ಕಾರುಗಳಷ್ಟೇ ತಯಾರಾದವು. ಅಂದಹಾಗೆ, ಹೆಸರು ಟೊಯೊಟಾದ್ದಾದರೂ ಅವನ್ನು ಟೊಯೊಟಾಗಾಗಿ ಕಟ್ಟಿಕೊಟ್ಟದ್ದು ಯಮಹಾ, ಅಂದರೆ ನಮ್ಮ ಕೊಟ್ಟಿಗೆಯ ಗಾಡಿಯ ತವರುಮನೆ. 2022ರಲ್ಲಿ ಅಮೆರಿಕದ ಹರಾಜೊಂದರಲ್ಲಿ ಇಂಥ ಒಂದು ಕಾರು 25 ಲಕ್ಷ ಡಾಲರಿಗೂ ಮೇಲೆ ಹೋಯಿತು. ಅದರ ಗೇರುಗಳು ಸವೆದರೆ? 2020ರಲ್ಲಿ ಟೊಯೊಟಾವೇ ಹಳೆಯ ನಕ್ಷೆ ನೋಡಿ ಕೆಲವು ಭಾಗಗಳನ್ನು ಮತ್ತೆ ತಯಾರಿಸತೊಡಗಿತು. ಮರುಮಾರಾಟದ ದಂಧೆ ಆಗದಿರಲೆಂದು ಕಾರಿನ ಮಾಲೀಕರಿಗೆ ಮಾತ್ರ ಕೊಡುವ ನಿಯಮ ಮಾಡಿತು. ಅದೇ ಕಂಪನಿ, ಅದೇ ನಕ್ಷೆ, ಐವತ್ತು ವರ್ಷ ತಡ. ಇದು ಅಸಲಿಯೋ ನಕಲೋ ಎಂಬ ಬಗ್ಗೆ ಪಂಡಿತರಲ್ಲಿ ಒಮ್ಮತವಾಗುವುದು ಕಷ್ಟ.

ಇರಲಿ, ನಮ್ಮ ಗಾಡಿಗೆ ಬರೋಣ. ಅಸಲಿತನ ನೋಡುವವರು ಮೊದಲು ನೋಡುವುದು ನಂಬರುಗಳನ್ನು. ಆರ್‌ಎಕ್ಸ್ 100ರ ಎಂಜಿನ್ ನಂಬರು ‘1ಎಲ್1’ ಎಂದು ಶುರುವಾಗುತ್ತದೆ. ಎಂಜಿನ್ ಮೇಲಿನ ನಂಬರು, ಚಾಸಿಯ ಕುತ್ತಿಗೆಯ ಮೇಲಿನ ನಂಬರು, ಆರ್‌ಸಿ ಪುಸ್ತಕದಲ್ಲಿ ಬರೆದದ್ದು ಮೂರೂ ತಾಳೆಯಾಗಬೇಕು. ಅಕ್ಷರಗಳು ಒಂದೇ ಆಳದಲ್ಲಿ, ಒಂದೇ ಸಾಲಿನಲ್ಲಿರಬೇಕು. ಸುತ್ತಲಿನ ಲೋಹ ಉಜ್ಜಿದಂತೆ ನುಣುಪಾಗಿದ್ದರೆ ಅಲ್ಲಿ ಯಾರೋ ಕೈಯಾಡಿಸಿದ್ದಾರೆ ಎಂದರ್ಥ. ಎಂಜಿನ್ ಬದಲಿಸಿದ್ದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಅದು ದಾಖಲೆಗೆ ಬರಬೇಕು. ನಂಬರನ್ನೇ ಅಳಿಸಿ ಹೊಸದಾಗಿ ಹೊಡೆಸುವುದು ಅಪರಾಧ. ಕದ್ದ ಗಾಡಿಗಳು ಮರುಹುಟ್ಟು ಪಡೆಯುವುದು ಹೀಗೆ.

ಆಮೇಲೆ ಬಣ್ಣ. ಟಾಕಿ ಬಿಚ್ಚಿ ಅದರ ಹೊಟ್ಟೆಯಡಿ ಮತ್ತು ಸೀಟಿನ ಕೆಳಗೆ ನೋಡಬೇಕು. ಬಿಸಿಲು ತಾಗದ ಅಲ್ಲಿ ಕಾರ್ಖಾನೆಯ ಬಣ್ಣ ಉಳಿದಿರುತ್ತದೆ. ಸ್ಕ್ರೂಗಳೂ ಸಾಕ್ಷಿ ಹೇಳುತ್ತವೆ. ಜಪಾನಿನ ಪ್ಲಸ್ ಆಕಾರದ ಸ್ಕ್ರೂಗಳ ತಲೆಯ ಮೇಲೆ ಒಂದು ಸಣ್ಣ ಚುಕ್ಕೆ ಇರುವುದುಂಟು. ಆ ದೇಶದ ಅಳತೆಯೇ ಬೇರೆ. ಮಾಮೂಲಿ ಸ್ಕ್ರೂಡ್ರೈವರ್ ಹಾಕಿ ಬಲ ಬಿಟ್ಟರೆ ತಲೆ ಸವೆದುಹೋಗುತ್ತದೆ. ಹಳೆಯ ಯಮಹಾಗಳ ಎಂಜಿನ್ ಮುಚ್ಚಳದ ಸ್ಕ್ರೂಗಳು ಉಳಿಯನ್ನು ಇಟ್ಟು ಹೊಡೆದು ತೆಗೆದಂತೆ ಕಾಣುವುದಕ್ಕೆ ಇದೂ ಒಂದು ಕಾರಣ.

ಎಂಜಿನ್ನಿನ ಒಳಗೆ ಮಾತ್ರ ಶುದ್ಧ ಅಸಲಿ ಎಂಬ ಮಾತೇ ಇಲ್ಲ. ಆರ್‌ಎಕ್ಸ್‌ನ ಪಿಸ್ಟನ್ನಿನ ವ್ಯಾಸ 50 ಮಿಲಿಮೀಟರ್. ಗಾಡಿ ಓಡಿದಂತೆ ಬ್ಲಾಕು ಸವೆಯುತ್ತದೆ. ಆಗ ಬೋರ್ ಮಾಡಿಸಿ ಕಾಲು ಮಿಲಿಮೀಟರ್ ದೊಡ್ಡ ಪಿಸ್ಟನ್ ಹಾಕಬೇಕು. ಮತ್ತೆ ಸವೆದರೆ ಅರ್ಧ, ಮುಕ್ಕಾಲು, ಒಂದು. ಅಲ್ಲಿಗೆ ಮುಗಿಯಿತು, ಬ್ಲಾಕಿಗೆ ಹೊಸ ಲೈನರ್ ಬೇಕು. ಆದ್ದರಿಂದ ಮೊದಲ ಪಿಸ್ಟನ್ ಇನ್ನೂ ಇದೆ ಎನ್ನುವ ಗಾಡಿ ಹೆಚ್ಚು ಓಡಿಯೇ ಇಲ್ಲ ಎಂದಾಯಿತು. ಮೂರನೇ ಬೋರಿನಲ್ಲಿರುವ ಅದೇ ಬ್ಲಾಕು, ಬೇರೆ ಗಾಡಿಯಿಂದ ಕಿತ್ತು ತಂದ ಹೊಳೆಯುವ ಬ್ಲಾಕಿಗಿಂತ ಹೆಚ್ಚು ಅಸಲಿ. ಇದನ್ನು ಒಪ್ಪುವ ಕೊಳ್ಳುಗರು ಕಡಿಮೆ.

ಸೀರೆ ಗಾರ್ಡಿನ ವಿಷಯ ನೋಡಿ. ಹಿಂಬದಿ ಕೂತವರ ಸೀರೆ, ಪಂಚೆ ಚಕ್ರಕ್ಕೆ ಸಿಗಬಾರದೆಂದು ಹಿಂದಿನ ಚಕ್ರದ ಅರ್ಧ ಭಾಗಕ್ಕೆ ಅಡ್ಡ, ಹಿಡಿದುಕೊಳ್ಳಲು ಹಿಡಿಕೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಜಪಾನಿನ ಜಾಹೀರಾತಿನ ಚಿತ್ರಗಳಲ್ಲಿ ಅದು ಇಲ್ಲ. ಅದನ್ನೇ ಮಾದರಿಯಾಗಿಟ್ಟುಕೊಂಡು ಹೊಸರೂಪ ಕೊಡುವವರು ಮೊದಲು ಕಿತ್ತು ಗುಜರಿಗೆ ಹಾಕುವುದು ಇದನ್ನೇ. ಹಿಂದಿನ ಕ್ಯಾರಿಯರು, ಹಾಲಿನ ಕ್ಯಾನು ತೂಗುಹಾಕಲು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಬೆಸೆಸಿದ ಕೊಕ್ಕೆಯೂ ಜೊತೆಗೆ ಹೋಗುತ್ತವೆ. ಕೊಕ್ಕೆ ಕಾರ್ಖಾನೆಯದಲ್ಲ, ಸರಿ. ಆದರೆ ಸೀರೆ ಗಾರ್ಡು ಈ ದೇಶದ ಗಾಡಿಯ ಮೈಯ ಭಾಗ. ಅದಿಲ್ಲದ 1990ರ ಆರ್‌ಎಕ್ಸ್ ಎಂದರೆ ಎಲ್ಲೂ ಇಲ್ಲದ ಗಾಡಿ.

ಮೈಸೂರಿನ ಜಾವಾ ಸಂಗ್ರಾಹಕರ ನಡುವೆಯೂ ಇದೇ ಚರ್ಚೆ ಇದೆ. ಮೊದಮೊದಲ ಗಾಡಿಗಳಲ್ಲಿ ಚೆಕ್ ಭಾಗಗಳು ಬಂದಿದ್ದವು, ಬರಬರುತ್ತ ಮೈಸೂರಿನವೇ ಆದವು. ಒಂದು ವ್ಯತ್ಯಾಸವೆಂದರೆ ಅಲ್ಲಿ ‘ಮೈಸೂರಿನ ಗಾಡಿ’ ಎನ್ನುವುದೇ ಹೆಮ್ಮೆಯ ಮಾತು. ಯಮಹಾಕ್ಕೆ ಆ ಭಾಗ್ಯ ಒದಗಲಿಲ್ಲ. ಸೂರಜಪುರ, ಫರೀದಾಬಾದುಗಳ ಹೆಸರು ಹೇಳಿ ಯಾರೂ ಮೀಸೆ ತಿರುವುವುದಿಲ್ಲ.

ಇದರ ನಷ್ಟ ಯಾರಿಗೆ? ಒಂದು ‘ಪೂರ್ತಿ ಜಪಾನ್’ ಗಾಡಿ ಎದ್ದು ನಿಲ್ಲಬೇಕಾದರೆ ಮೂರು ನಾಲ್ಕು ಗಾಡಿಗಳು ಬಿಚ್ಚಿಕೊಳ್ಳಬೇಕು. ಒಂದರ ಕಾರ್ಬ್ಯುರೇಟರ್, ಇನ್ನೊಂದರ ಕ್ರ್ಯಾಂಕು, ಮತ್ತೊಂದರ ಮೀಟರು. ಹಾಗೆ ಬಿಚ್ಚಿಕೊಳ್ಳುವವು ‘ಲೋಕಲ್’ ಎಂದು ಕಡಿಮೆ ಬೆಲೆಗೆ ಕೊಂಡ ಹಳ್ಳಿಯ ಗಾಡಿಗಳು. ಒಬ್ಬನೇ ಮಾಲೀಕ, ಒಂದೇ ಎಂಜಿನ್, ಕಾಗದಪತ್ರ ಸರಿಯಿರುವ ಗಾಡಿಗಳು ಅವುಗಳಲ್ಲೇ ಹೆಚ್ಚು.

ಕಾನೂನು ಈ ವಿಷಯದಲ್ಲಿ ವ್ಯಾಪಾರಿಗಳಿಗಿಂತ ಬೇರೆ ದಾರಿ ಹಿಡಿದಿದೆ. ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ಹೊರಡಿಸಿದ ನಿಯಮದಂತೆ 50 ವರ್ಷ ದಾಟಿದ, ಮೂಲರೂಪದಲ್ಲಿ ಉಳಿದ, ಚಾಸಿ, ಮೈ, ಎಂಜಿನ್ನುಗಳಲ್ಲಿ ಭಾರಿ ಮಾರ್ಪಾಡು ಆಗದ ವಾಹನ ಮಾತ್ರ ‘ವಿಂಟೇಜ್’. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ, ನಂಬರಿನಲ್ಲಿ ‘ವಿಎ’ ಎಂಬ ಅಕ್ಷರಗಳು. ಮೈಸೂರಿನ ಹಳೆಯ ಜಾವಾಗಳು ಈಗಾಗಲೇ ಆ ವಯಸ್ಸು ಮುಟ್ಟಿವೆ. ಮೊದಲ ರಾಜದೂತ್ 350ಕ್ಕೆ 2033ರಲ್ಲಿ, ಮೊದಲ ಆರ್‌ಎಕ್ಸ್ 100ಕ್ಕೆ 2035ರಲ್ಲಿ ಐವತ್ತು ತುಂಬುತ್ತದೆ. ಅಂದು ಗಾಡಿಯ ಜೊತೆ ಹಳೆಯ ಆರ್‌ಸಿ ಪುಸ್ತಕವೂ ಕಚೇರಿಯ ಮೇಜಿನ ಮೇಲೆ ಬರಬೇಕು. ಹಾಗೆ ನೋಂದಣಿಯಾದ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ಇಲ್ಲವೇ ಪೆಟ್ರೋಲು ಹಾಕಿಸಲು, ರಿಪೇರಿಗೆ ಮಾತ್ರ ರಸ್ತೆಗಿಳಿಸಬಹುದು. ಬಳಿಚಕ್ರದಿಂದ ಯಾದಗಿರಿ ಸಂತೆಗೆ ಅದರ ಮೇಲೆ ಕಾಯಿಪಲ್ಲೆ ತರಬೇಕೆನ್ನುವವರು ಆ ನಂಬರಿನ ಆಸೆ ಬಿಟ್ಟು, ಸೀರೆ ಗಾರ್ಡನ್ನು ಇದ್ದಲ್ಲೇ ಇಟ್ಟುಕೊಂಡು, ಮಾಮೂಲಿನಂತೆ ಆರ್‌ಸಿ ನವೀಕರಿಸಿಕೊಂಡು ಓಡಿಸುವುದೊಂದೇ ದಾರಿ.