ಗೇರು ಹಣ್ಣಿನ ನೊರೆ: ವಾಳಪೈ ಮತ್ತು ನಮ್ಮ ಗಡಿನಾಡು

ಗೇರು ಮರವನ್ನು ಮಲೆಯಾಳದಲ್ಲಿ 'ಪರಂಗಿಮಾವು' ಎನ್ನುತ್ತಾರೆ. ಪರಂಗಿಯವರು ತಂದ ಮಾವು ಎಂದು ಅರ್ಥ. ಕೊಂಕಣಿಯ 'ಕಾಜು' ಎಂಬ ಹೆಸರು ಬ್ರೆಜಿಲಿನ ಮೂಲನಿವಾಸಿಗಳ ತುಪಿ ಭಾಷೆಯಿಂದ ಪೋರ್ಚುಗೀಸರ ಬಾಯಿಗೆ ಬಂದು, ಅಲ್ಲಿಂದ ನಮ್ಮ ಕರಾವಳಿಗೆ ಇಳಿದದ್ದು. ಗಾರ್ಸಿಯ ದ ಓರ್ತ ಎಂಬ ವೈದ್ಯ 1563ರಲ್ಲಿ ಗೋವೆಯಲ್ಲಿ ಅಚ್ಚು ಹಾಕಿಸಿದ ಔಷಧಿಗ್ರಂಥದಲ್ಲಿ ಈ ಮರದ ಸುದ್ದಿಯಿಲ್ಲ. 1578ರಲ್ಲಿ ಪ್ರಕಟವಾದ ಕ್ರಿಸ್ತೊವಾವೊ ದ ಕೋಸ್ತನ ಗ್ರಂಥದಲ್ಲಿ ಅದು ಕೊಚ್ಚಿಯ ತೋಟಗಳ ಮರವಾಗಿ ಕಾಣಿಸುತ್ತದೆ. ಗೋವೆಯದೆಂದು ನಾವು ತಿಳಿದಿರುವ ಗೇರಿನ ಮೊದಲ ದಾಖಲೆಗಳಲ್ಲೊಂದು ಹೀಗೆ ಮಲೆಯಾಳದ ನೆಲದ್ದು.

ಬೆಳಗಾವಿಯಿಂದ ಚೋರ್ಲಾ ಘಾಟಿ ಇಳಿದರೆ ಗೋವೆಯ ಸತ್ತರಿ ತಾಲೂಕು ಸಿಗುತ್ತದೆ. ಅದರ ಮುಖ್ಯ ಪೇಟೆ ವಾಳಪೈ. ಖಾನಾಪುರದ ಕಾಡಿನಲ್ಲಿ ಹುಟ್ಟಿದ ಮಹಾದಾಯಿ ನದಿ ಈ ತಾಲೂಕಿನಲ್ಲೇ ಹರಿಯುತ್ತದೆ. ಇಲ್ಲಿಯ ಗುಡ್ಡಗಳಲ್ಲಿ ಬೇಸಗೆಯೆಂದರೆ ಗೇರಿನ ಕಾಲ. ಹಣ್ಣಿನಿಂದ ಬೀಜ ಬೇರ್ಪಡಿಸಿ, ಹಣ್ಣನ್ನು ಕಲ್ಲಿನ ತೊಟ್ಟಿಯಲ್ಲಿ ತುಳಿದು ರಸ ತೆಗೆಯುತ್ತಾರೆ. ಉಳಿದ ಜಿಗಟನ್ನು ಗುಡ್ಡೆ ಮಾಡಿ ಮೇಲೆ ಕಲ್ಲು ಹೇರಿದರೆ ರಾತ್ರಿಯಿಡೀ ತೊಟ್ಟಿಕ್ಕುವ ತಿಳಿರಸವೇ 'ನೀರೊ'. ಅದು ಸಿಹಿ, ತುಸು ಒಗರು. ಮಕ್ಕಳೂ ಕುಡಿಯುವ ಪಾನೀಯ.

ನೀರೊವನ್ನು ಬಿಸಿಲ ಕಾವಿನಲ್ಲಿ ಇಟ್ಟರೆ ಸಂಜೆಗೆಲ್ಲ ಅದರಲ್ಲಿ ಗುಳ್ಳೆಗಳು ಏಳತೊಡಗುತ್ತವೆ. ಹಣ್ಣಿನ ಸಿಪ್ಪೆಯಲ್ಲೇ ಇರುವ ಹುದುಗು ಸಕ್ಕರೆಯನ್ನು ತಿಂದು ಇಂಗಾಲಾಮ್ಲ ವಾಯುವನ್ನೂ ಮದ್ಯಸಾರವನ್ನೂ ಹೊರಬಿಡುತ್ತದೆ. ತುಳಿದ ರಸವನ್ನು ಹೀಗೆಯೇ ಎರಡು ಮೂರು ದಿನ ಹುದುಗಿಸಿ ಭಟ್ಟಿ ಇಳಿಸಿದರೆ ಮೊದಲು ಉರ್ರಾಕ್, ಮತ್ತೊಮ್ಮೆ ಇಳಿಸಿದರೆ ಫೆನಿ. ಗೋವೆಯ ಗೇರು ಫೆನಿಗೆ 2009ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು.

ಬ್ರಿಟನ್ನಿನ ಜೋಸೆಫ್ ಪ್ರೀಸ್ಟ್ಲಿ 1767ರಲ್ಲಿ ನೀರಿಗೆ ಈ ವಾಯುವನ್ನು ತುಂಬಿದ ಮೇಲೆ ಸೋಡಾ ಹುಟ್ಟಿತು. ಹೈರಮ್ ಕಾಡ್ 1872ರಲ್ಲಿ ಹಕ್ಕುಪತ್ರ ಪಡೆದ ಬಾಟಲಿಯೇ ನಮ್ಮ ಜಾತ್ರೆಗಳ ಗೋಲಿ ಸೋಡಾ. ಯಂತ್ರದಿಂದ ಬಂದ ಆ ನೊರೆಗೆ ನಾವು ಕಾಸು ಕೊಟ್ಟೆವು. ಅಂಗಳದ ಹಣ್ಣು ತಾನೇ ಕೊಡುವ ನೊರೆಯನ್ನು ಗುಡ್ಡದಲ್ಲೇ ಕೊಳೆಯಲು ಬಿಟ್ಟೆವು.

ನಾನು ಬ್ಯಾಂಕಿನ ಗುಮಾಸ್ತ. ಬೇಸಗೆಯಲ್ಲಿ ಗೇರುಬೀಜ ಮಾರಿದ ಹಣ ಕೌಂಟರಿಗೆ ಬರುವುದನ್ನು ವರ್ಷ ವರ್ಷವೂ ಕಂಡಿದ್ದೇನೆ. ಹಣ್ಣಿನ ಹಣವೆಂದು ಒಬ್ಬರೂ ಒಂದು ರೂಪಾಯಿ ಕಟ್ಟಿದ್ದಿಲ್ಲ. ತೂಕದಲ್ಲಿ ಹಣ್ಣು ಬೀಜದ ಹಲವು ಪಟ್ಟು. ಬೀಜದ ಬೆಳೆ ಕಾಯಲೆಂದು ಕಾಸರಗೋಡಿನ ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು, ಅದಕ್ಕೆ ನಮ್ಮ ಮನೆಗಳು ತೆತ್ತ ಬೆಲೆಯನ್ನು ಈ ಓದುಗರಿಗೆ ಹೇಳಬೇಕಾಗಿಲ್ಲ. ಅಂದಿನ ಲೆಕ್ಕದಲ್ಲೂ ಇದ್ದದ್ದು ಬೀಜ ಮಾತ್ರ.

ಹುದುಗಿಸಿದ ಪಾನೀಯಕ್ಕೆ ಕೇರಳದಲ್ಲಿ ಅಬಕಾರಿ ಪರವಾನಗಿ ಬೇಕು. ಹಣ್ಣುಗಳ ವೈನಿಗೆ ಸಣ್ಣ ಘಟಕ ನಡೆಸಲು 2022ರಲ್ಲಿ ನಿಯಮಗಳು ಬಂದಿವೆ. ಆದರೆ ಹುದುಗಿಸದ ಶರಬತ್ತಿಗೆ ಅದಾವುದೂ ಬೇಡ. ಅಂದೇ ಬಿದ್ದ, ಜಜ್ಜಿಹೋಗದ ಹಣ್ಣನ್ನು ತೊಳೆದು ಹಿಂಡಬೇಕು. ಲೀಟರ್ ರಸಕ್ಕೆ 5 ಗ್ರಾಂ ಸಾಬಕ್ಕಿಯನ್ನು ಪುಡಿಮಾಡಿ, ಗಂಜಿ ಕಾಯಿಸಿ, ಆರಿಸಿ ಬೆರೆಸಿಟ್ಟರೆ ಒಗರು ತಳ ಸೇರುತ್ತದೆ. ಮೇಲಿನ ತಿಳಿಯನ್ನು ಬಸಿದು ಸಕ್ಕರೆ ಪಾಕ ಮಾಡಿಟ್ಟುಕೊಂಡು, ಕುಡಿಯುವಾಗ ಸೋಡಾ ಬೆರೆಸಿದರಾಯಿತು. ಹಸಿ ರಸವನ್ನು ಮಾತ್ರ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಡಬಾರದು, ನೊರೆಯ ಒತ್ತಡಕ್ಕೆ ಗಾಜು ಸಿಡಿದೀತು. ತ್ರಿಶೂರು ಬಳಿಯ ಮಾಡಕ್ಕತ್ತರದ ಗೇರು ಸಂಶೋಧನಾ ಕೇಂದ್ರವೂ ಹಣ್ಣಿನ ಪಾಕ, ಪಾನೀಯಗಳ ವಿಧಾನಗಳನ್ನು ರೂಪಿಸಿದೆ.

ಪುನರ್ಪುಳಿಯ ಶರಬತ್ತಿಗೆ ನಮ್ಮ ಮನೆಗಳಲ್ಲಿ ಮರ್ಯಾದೆಯಿದೆ. ಅದರ ಪಕ್ಕದಲ್ಲಿ ಗೇರು ಹಣ್ಣಿನ ಲೋಟಕ್ಕೂ ಜಾಗವಾಗಲಿ. ಬರುವ ಬೇಸಗೆಗೆ ಒಂದು ಬುಟ್ಟಿ ಹಣ್ಣಿನಿಂದ ಆರಂಭಿಸಿದರೂ ಸಾಕು.