ಜೋಡಿಯ ನ್ಯಾಯ, ದಂಡದ ನ್ಯಾಯ: ಕಲ್ಯಾಣ ಸೀಮೆಯಿಂದ ಕಂಡ ಆಟದ ತೀರ್ಪಿನ ಚರಿತ್ರೆ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ವನ್ನು ಇಡ್ಲಿಯ ಮೂಲ ಹುಡುಕುವವರು ತಿರುವಿ ಹಾಕಿದಷ್ಟು ಆಟದ ಚರಿತ್ರೆ ಬರೆಯುವವರು ತಿರುವಿ ಹಾಕಿಲ್ಲ. ತಲಾ ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಿರುವ ಈ ಸಂಸ್ಕೃತ ಗ್ರಂಥದ ನಾಲ್ಕನೆಯ ವಿಂಶತಿ ಪೂರ್ತಿ ಅರಸನ ವಿನೋದಗಳಿಗೆ ಮೀಸಲು. ಆನೆ, ಕುದುರೆ, ಆಯುಧ ಹಿಡಿದ ಅಂಕಕಾಳಗ, ಕೋಳಿ, ಟಗರು, ಕೋಣಗಳ ಕಾದಾಟ ಎಲ್ಲಕ್ಕೂ ಅಲ್ಲಿ ಒಂದೊಂದು ಅಧ್ಯಾಯವಿದೆ. ಈ ಲೇಖನಕ್ಕೆ ಬೇಕಾದದ್ದು ಮಲ್ಲವಿನೋದ, ಅಂದರೆ ಕುಸ್ತಿಯ ಅಧ್ಯಾಯ.

ಸೋಮೇಶ್ವರ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ದರ್ಜೆಗಳಾಗಿ ವಿಂಗಡಿಸುತ್ತಾನೆ. ಮುಂದೆ ಬರಬಹುದಾದ ಎಳೆಯರಿಗೆ ‘ಭವಿಷ್ಣು’ ಎಂಬ ಹೆಸರೇ ಬೇರೆ. ವಯಸ್ಸು, ಮೈಕಟ್ಟು, ಬಲ, ಪಟ್ಟಿನ ತಿಳಿವಳಿಕೆ ಇವೆಲ್ಲ ಈ ವಿಂಗಡಣೆಯ ಆಧಾರ. ಅವರಿಗೆ ಕೊಡಬೇಕಾದ ಬೇಳೆ, ಮಾಂಸ, ಹಾಲು, ಸಕ್ಕರೆಯ ಹೊಣೆ ಅರಮನೆಯದು. ಇಷ್ಟು ಕಟ್ಟುನಿಟ್ಟಾಗಿ ಮಲ್ಲರನ್ನು ಬೇರ್ಪಡಿಸುವುದು ಬರಿಯ ಪಂಡಿತನ ಪಟ್ಟಿ ಹಾಕುವ ಚಟವೆಂದು ನನಗೆ ಅನ್ನಿಸುವುದಿಲ್ಲ. ದರ್ಜೆ ಕಟ್ಟುವುದೇ ಜೋಡಿ ಕಟ್ಟಲಿಕ್ಕೆ. ಸರಿಜೋಡಿ ಬಿದ್ದರೆ ಆಟದ ಅರ್ಧ ನ್ಯಾಯ ಅಖಾಡಕ್ಕೆ ಇಳಿಯುವ ಮೊದಲೇ ಮುಗಿದುಹೋಗುತ್ತದೆ; ಆಮೇಲೆ ತೀರ್ಪುಗಾರನಿಗೆ ಉಳಿಯುವ ಕೆಲಸ ಸಣ್ಣದು. ಆಟದ ನಡುವೆ ತಪ್ಪು ಹಿಡಿದು ದಂಡ ವಿಧಿಸುವ ಇವತ್ತಿನ ಪದ್ಧತಿ ಇದಕ್ಕಿಂತ ಬೇರೆ ಜಾತಿಯದು. ಒಂದರಿಂದ ಇನ್ನೊಂದಕ್ಕೆ ನಾವು ಹೇಗೆ ಬಂದೆವು, ಬರುವಾಗ ಏನು ಕಳೆದುಕೊಂಡೆವು ಎಂಬುದೇ ಇಲ್ಲಿಯ ವಿಷಯ.

ಮೊದಲನೆಯ ಪದ್ಧತಿಯನ್ನು ನೋಡಬೇಕೆಂದರೆ ಹಳೆಯ ಗ್ರಂಥಕ್ಕೇ ಹೋಗಬೇಕಾಗಿಲ್ಲ. ಬಸವಕಲ್ಯಾಣ, ಹುಮನಾಬಾದ್ ಸೀಮೆಯಲ್ಲಿ ತೇರು ಎಳೆದ ಮೇಲೆ ಕುಸ್ತಿ ನಡೆಸುವುದು ರೂಢಿ. 1948ರವರೆಗೆ ನಿಜಾಮರ ಸಂಸ್ಥಾನ, 1956ರ ನವೆಂಬರ್ 1ರಿಂದ ಮೈಸೂರು ರಾಜ್ಯ. ಆಳುವವರು ಬದಲಾದರೂ ಪೈಲ್ವಾನರ ನಕ್ಷೆ ಬದಲಾಗಲಿಲ್ಲ. ಉಮರಗಾ, ನಿಲಂಗಾ, ಸೋಲಾಪುರ, ಜಹೀರಾಬಾದ್, ಕಲಬುರಗಿ ಎಲ್ಲ ಒಂದೇ ಅಖಾಡದ ಸುತ್ತಮುತ್ತಲ ಊರುಗಳು. ಮಹಾರಾಷ್ಟ್ರ ಕೇಸರಿ ಹರಿಶ್ಚಂದ್ರ ಬಿರಾಜದಾರ್ ಅವರ ರಾಮಲಿಂಗ ಮುದಗಡ ಇರುವುದು ಇದೇ ನಿಲಂಗಾ ತಾಲೂಕಿನಲ್ಲಿ. 1959ರಲ್ಲಿ ಹಿಂದ್ ಕೇಸರಿಯಾದ ಶ್ರೀಪತಿ ಖಂಚನಾಳೆ ಚಿಕ್ಕೋಡಿ ಕಡೆಯ ಯಕ್ಸಂಬಾದವರು. ಹೆಸರು ಮಾಡಿದ್ದು ಕೊಲ್ಹಾಪುರದ ತಾಲೀಮಿನಲ್ಲಿ. ಗಡಿರೇಖೆ ಕುಸ್ತಿಗೆ ಎಂದೂ ಅಡ್ಡ ಬಂದದ್ದಿಲ್ಲ.

ಜಾತ್ರೆಯ ಕುಸ್ತಿ ಹುಡುಗರ ತೆಂಗಿನಕಾಯಿ ಕುಸ್ತಿಯಿಂದ ಶುರುವಾಗಿ, ಇನಾಮು ಏರುತ್ತಾ ಹೋಗಿ, ಕೊನೆಗೆ ಬೆಳ್ಳಿ ಕಡಗದ ಕುಸ್ತಿಗೆ ಬಂದು ನಿಲ್ಲುತ್ತದೆ. ಲಂಗೋಟಿ ಬಿಗಿದ ಪೈಲ್ವಾನ ಹಲಗೆಯ ಸದ್ದಿಗೆ ಅಖಾಡದಲ್ಲಿ ಒಂದು ಸುತ್ತು ಹಾಕುತ್ತಾನೆ. ಎದುರಾಳಿ ಕೈ ಕೊಟ್ಟೊಡನೆ ತೀರ್ಪು ಹೇಳುವ ಪಂಚರು ಇಬ್ಬರನ್ನೂ ಹೆಗಲಿಗೆ ಹೆಗಲು ತಾಗಿಸಿ ನಿಲ್ಲಿಸಿ ಕುತ್ತಿಗೆ, ತೊಡೆ ನೋಡುತ್ತಾರೆ; ಯಾವ ಊರು, ಯಾವ ತಾಲೀಮು, ಉಸ್ತಾದ ಯಾರು ಎಂದು ಕೇಳುತ್ತಾರೆ. ಒಬ್ಬ ತೀರಾ ಹಗುರವಿದ್ದರೆ ‘ಜೋಡಿ ಆಗಂಗಿಲ್ಲ’ ಎಂದು ಮಂದಿಯೇ ಕೂಗುತ್ತಾರೆ. ತಕ್ಕಡಿ ಇಲ್ಲ, ವಜನಿನ ವರ್ಗವಿಲ್ಲ; ಕಣ್ಣಳತೆಯೇ ಅಳತೆ. ಆದರೆ ಆ ಅಳತೆ ನಡೆಯುವುದು ಸಾವಿರ ಜನರ ಎದುರಿಗೆ, ತಕರಾರಿಗೆ ಜಾಗ ಬಿಟ್ಟು.

ಗೆಲುವಿನ ನಿಯಮವೂ ಅಷ್ಟೇ ಸರಳ. ಎರಡೂ ಭುಜ ಮಣ್ಣಿಗೆ ಹತ್ತಿದರೆ ಚಿತ್. ಪಂಚ ಮೊಣಕಾಲೂರಿ, ಕೆನ್ನೆಯನ್ನು ನೆಲಕ್ಕೆ ತಂದು, ಭುಜದ ಕೆಳಗೆ ಬೆಳಕು ಕಾಣುತ್ತದೆಯೇ ಎಂದು ನೋಡುತ್ತಾನೆ. ಬೆನ್ನಿಗೆ ಮೆತ್ತಿದ ಮಣ್ಣು ಅವನ ಪರ ಸಾಕ್ಷಿ ಹೇಳುತ್ತದೆ. ಹೊತ್ತು ಮೀರಿದರೂ ಯಾರೂ ಬೀಳದಿದ್ದರೆ ಸಮ ಎಂದು ಬಿಡಿಸಿ ಇನಾಮು ಹಂಚುತ್ತಾರೆ. ಕಣ್ಣಿಗೆ ಬೆರಳು ಹಾಕಿದವನನ್ನು ಗದರಿಸುವುದು, ಮೀರಿದರೆ ಹೊರಗೆ ಕಳಿಸುವುದು ಬಿಟ್ಟರೆ ದಂಡವೆಂಬುದೇ ಇಲ್ಲ.

ಇದನ್ನು ಕಳೆದುಹೋದ ಸತ್ಯಯುಗವೆಂದು ಹೊಗಳಬೇಕಾಗಿಲ್ಲ. ಪಂಚರಿಗೆ ಬೇಕಾದ ಊರು, ಬೇಕಾದ ಮನೆತನ ಇದ್ದೇ ಇರುತ್ತದೆ. ಅದಕ್ಕಿಂತ ದೊಡ್ಡ ದೋಷ ಒಂದಿದೆ: ಆಡದೆ ಕಾಲ ತಳ್ಳುವವನಿಗೆ ಇಲ್ಲಿ ಔಷಧವಿಲ್ಲ. 1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ಗಾಮಾ ಪೈಲ್ವಾನ ಪೋಲೆಂಡಿನ ಸ್ಟಾನಿಸ್ಲಾಸ್ ಝ್ಬಿಸ್ಕೋನನ್ನು ಎದುರಿಸಿದಾಗ ಆದದ್ದು ಇದೇ. ಝ್ಬಿಸ್ಕೋ ನೆಲಕ್ಕೆ ಅಂಟಿ ಮಲಗಿಬಿಟ್ಟ. ಎರಡೂವರೆ ಗಂಟೆಗೂ ಹೆಚ್ಚು ಹೊತ್ತು ಗಾಮಾ ಎಳೆದಾಡಿದರೂ ಭುಜ ತಿರುಗಲಿಲ್ಲ. ಸಮ ಎಂದು ಘೋಷಿಸಿದರು. ಮತ್ತೆ ಕುಸ್ತಿಗೆ ಗೊತ್ತಾದ ದಿನ ಝ್ಬಿಸ್ಕೋ ಬರಲೇ ಇಲ್ಲ, ಗಾಮಾ ಗೆದ್ದನೆಂದರು. 1928ರಲ್ಲಿ ಪಟಿಯಾಲಾದಲ್ಲಿ ಮತ್ತೆ ಸಿಕ್ಕಾಗ ಗಾಮಾ ಒಂದು ನಿಮಿಷದೊಳಗೆ ಕೆಡವಿದ. ಮಲಗುವುದಕ್ಕೆ ದಂಡವಿದ್ದಿದ್ದರೆ 1910ರಲ್ಲೇ ವ್ಯವಹಾರ ಮುಗಿಯುತ್ತಿತ್ತು.

ಮ್ಯಾಟಿನ ಕುಸ್ತಿ ಈ ಕೊರತೆ ತುಂಬಲು ಹೊರಟು ಇನ್ನೊಂದು ಅತಿಗೆ ಹೋಯಿತು. ಅಂಕ, ಎಚ್ಚರಿಕೆ, ಸುತ್ತು, ಗಡಿಯಾರ ಬಂದವು. ಈಗ ಹಿಂಜರಿಯುವ ಪೈಲ್ವಾನನಿಗೆ ಎಚ್ಚರಿಕೆ ಕೊಟ್ಟು 30 ಸೆಕೆಂಡ್ ಗಡುವು ಹಾಕುತ್ತಾರೆ; ಅಷ್ಟರಲ್ಲಿ ಯಾರೂ ಅಂಕ ಗಳಿಸದಿದ್ದರೆ ಎದುರಾಳಿಗೆ ಒಂದು ಅಂಕ. ಇದು ನ್ಯಾಯವೇ. ಆದರೆ 2005ರಿಂದ ಕೆಲವು ವರ್ಷ ಫ್ರೀಸ್ಟೈಲಿನ ಸುತ್ತು ಸೊನ್ನೆ-ಸೊನ್ನೆಯಲ್ಲಿ ಮುಗಿದರೆ ಬಣ್ಣದ ಚೆಂಡು ಎತ್ತಿ, ಯಾರ ಬಣ್ಣ ಬಂತೋ ಅವನ ಕೈಗೆ ಎದುರಾಳಿಯ ಕಾಲು ಕೊಡುತ್ತಿದ್ದರು. ಆ ಕಾಲು ಹಿಡಿದವನೇ ಬಹುಮಟ್ಟಿಗೆ ಗೆಲ್ಲುತ್ತಿದ್ದ. ತಪ್ಪೇ ಮಾಡದವನಿಗೆ ಅದೃಷ್ಟ ಹಾಕಿದ ದಂಡ ಅದು. 2013ರ ಫೆಬ್ರುವರಿಯಲ್ಲಿ ಒಲಿಂಪಿಕ್ ಸಮಿತಿಯ ಕಾರ್ಯಕಾರಿ ಮಂಡಳಿ ಕುಸ್ತಿಯನ್ನೇ ಕೈಬಿಡಲು ಶಿಫಾರಸು ಮಾಡಿದ ಮೇಲೆ ಅಂತರರಾಷ್ಟ್ರೀಯ ಕುಸ್ತಿ ಒಕ್ಕೂಟ ಗಾಬರಿಬಿದ್ದು ಆ ನಿಯಮವನ್ನು ತೆಗೆದು, ಸುತ್ತುಗಳ ಬದಲು ಒಟ್ಟು ಅಂಕದ ಲೆಕ್ಕ ತಂದಿತು. ಆಟ ಉಳಿಯಿತು.

ನಿಯಮ ಒಳ್ಳೆಯದಿದ್ದರಷ್ಟೇ ಸಾಲದು, ಅದನ್ನು ಎತ್ತಿ ಹೇಳುವವರೂ ಬೇಕೆಂಬುದಕ್ಕೆ 1952ರ ಹೆಲ್ಸಿಂಕಿ ಸಾಕ್ಷಿ. ಸಾತಾರಾ ಜಿಲ್ಲೆಯ ಗೋಳೇಶ್ವರದ ಖಾಶಾಬಾ ಜಾಧವ್ ಜಪಾನಿನ ಇಶೀ ವಿರುದ್ಧ ದೀರ್ಘ ಕುಸ್ತಿ ಆಡಿ ಸೋತ ಕೂಡಲೇ ಸೋವಿಯತ್ ಎದುರಾಳಿಯ ಮುಂದೆ ನಿಲ್ಲಬೇಕಾಯಿತು. ಎರಡು ಕುಸ್ತಿಗಳ ನಡುವೆ ಅರ್ಧ ಗಂಟೆಯ ವಿಶ್ರಾಂತಿ ನಿಯಮದಲ್ಲಿತ್ತು. ಅದನ್ನು ವಾದಿಸಲು ಭಾರತದ ಅಧಿಕಾರಿ ಯಾರೂ ಹತ್ತಿರವಿರಲಿಲ್ಲವೆಂದು ಅವರ ಚರಿತ್ರೆಕಾರರೆಲ್ಲ ಬರೆಯುತ್ತಾರೆ. ಕಂಚು ಬಂತು. ಜಾತ್ರೆಯಲ್ಲಾಗಿದ್ದರೆ ಮಂದಿಯೇ ಅಖಾಡಕ್ಕೆ ನುಗ್ಗುತ್ತಿದ್ದರು.

ತಂಡದ ಆಟಕ್ಕೆ ಬಂದರೆ ಜೋಡಿಯ ನ್ಯಾಯ ಕೆಲಸಕ್ಕೆ ಬರುವುದಿಲ್ಲ. ಏಳು ಜನರ ಎದುರು ಒಬ್ಬ ನುಗ್ಗುವ ಕಬಡ್ಡಿಯಲ್ಲಿ ಸರಿಜೋಡಿ ಎಲ್ಲಿಂದ ತರುವುದು? ಅಲ್ಲಿ ಗೆರೆ ಮತ್ತು ದಂಡ ಅನಿವಾರ್ಯ. ಮಹಾರಾಷ್ಟ್ರದ ಹುತುತು, ತಮಿಳುನಾಡಿನ ಸಡುಗುಡು ಎಂದು ಊರಿಗೊಂದು ರೀತಿಯಿದ್ದ ಆಟಕ್ಕೆ ನಿಯಮ ಅಚ್ಚುಹಾಕಿದ್ದು 1923ರಲ್ಲಿ ಬರೋಡಾದ ಹಿಂದ್ ವಿಜಯ್ ಜಿಮ್ಖಾನಾ. ಅದಾದ ಎರಡೇ ವರ್ಷಕ್ಕೆ, 1925ರಲ್ಲಿ, ಮಾನಸೋಲ್ಲಾಸದ ಮೊದಲ ಸಂಪುಟ ಅದೇ ಊರಿನ ಗಾಯಕವಾಡ ಗ್ರಂಥಮಾಲೆಯಿಂದ ಹೊರಬಂತು. ಕಾಕತಾಳೀಯವೇ ಸರಿ, ಆದರೂ ಹೇಳದಿರಲಾರೆ.

ನೂರು ವರ್ಷದ ಮೇಲೂ ಆ ಗೆರೆಗಳ ತಗಾದೆ ತೀರಿಲ್ಲ. 2023ರ ಅಕ್ಟೋಬರ್ 7, ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಫೈನಲ್. ಭಾರತ 28, ಇರಾನ್ 28, ಆಟ ಮುಗಿಯಲು ಒಂದು ನಿಮಿಷದಷ್ಟು ಬಾಕಿ. ಮಾಡು ಇಲ್ಲವೆ ಮಡಿ ರೇಡಿಗೆ ಹೋದ ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಅಂಚಿನ ಲಾಬಿಗೆ ಕಾಲಿಟ್ಟ. ಹಿಡಿಯಲು ಹೋದ ಇರಾನಿನ ರಕ್ಷಕರೂ ಅವನ ಹಿಂದೆ ಲಾಬಿಗೆ ಬಂದರು. ಸ್ಪರ್ಶವಾಗದೆ ಲಾಬಿಗೆ ಇಳಿದವರೆಲ್ಲ ಔಟ್ ಎನ್ನುತ್ತದೆ ಹಳೆಯ ನಿಯಮ: ಭಾರತಕ್ಕೆ ನಾಲ್ಕು ಅಂಕ, ಇರಾನಿಗೆ ಒಂದು. ರೇಡರ್ ಇಳಿದ ಕ್ಷಣಕ್ಕೇ ರೇಡ್ ಮುಗಿಯಿತು, ಔಟಾದವನು ಅವನೊಬ್ಬನೇ ಎನ್ನುತ್ತದೆ ಪ್ರೊ ಕಬಡ್ಡಿಯ ಹೊಸ ನಿಯಮ: ಇರಾನಿಗೆ ಒಂದು, ಭಾರತಕ್ಕೆ ಸೊನ್ನೆ. ತೀರ್ಪು ಒಮ್ಮೆ ಹಾಗೆ, ಒಮ್ಮೆ ಹೀಗೆ ಹೊರಳಿತು. ಆಟಗಾರರು ಮ್ಯಾಟಿನ ಮೇಲೇ ಕೂತರು. ಬಹಳ ಹೊತ್ತು ಆಟ ನಿಂತು, ಕೊನೆಗೆ ಹಳೆಯ ನಿಯಮವೇ ಗೆದ್ದು ಭಾರತ 33-29ರಿಂದ ಚಿನ್ನ ಪಡೆಯಿತು. ನಮ್ಮವರು ಗೆದ್ದ ಸಂಭ್ರಮದಲ್ಲಿ ಒಂದು ಪ್ರಶ್ನೆ ಹಿಂದಕ್ಕೆ ಸರಿಯಿತು. ಅಲ್ಲಿ ಕ್ಯಾಮೆರಾ ಇತ್ತು, ಅಂಪೈರುಗಳಿದ್ದರು, ಯಾರ ಕಾಲು ಎಲ್ಲಿತ್ತೆಂಬುದರಲ್ಲಿ ದೊಡ್ಡ ಅನುಮಾನವೂ ಇರಲಿಲ್ಲ. ಯಾವ ನಿಯಮದಡಿ ಆಡುತ್ತಿದ್ದೇವೆಂಬುದೇ ಎಲ್ಲರಿಗೂ ಒಂದೇ ರೀತಿ ತಿಳಿದಿರಲಿಲ್ಲ. ಜೋಡಿ ಕಟ್ಟುವ ಮುನ್ನ ಮಂದಿಯ ಎದುರು ಮುಗಿಯುವ ಮಾತು ಇಲ್ಲಿ ಆಟದ ಕೊನೆಯ ನಿಮಿಷಕ್ಕೆ ಉಳಿದುಬಿಟ್ಟಿತ್ತು.

ದಂಡದ ನ್ಯಾಯವನ್ನು ಅತಿ ಸೂಕ್ಷ್ಮವಾಗಿ ಹೆಣೆದದ್ದು ಅಮೆರಿಕದ ವೃತ್ತಿಪರ ಫುಟ್‌ಬಾಲ್. ಏಳು ತೀರ್ಪುಗಾರರು, ಹಳದಿ ಬಾವುಟ, ತಪ್ಪಿನ ತೂಕಕ್ಕೆ ತಕ್ಕಂತೆ 5, 10, 15 ಗಜಗಳ ಹಿನ್ನಡೆ. ಅಲ್ಲಿಯ ಒಂದು ಏರ್ಪಾಡು ನನಗೆ ಬಹಳ ಮೆಚ್ಚುಗೆ: ಅನ್ಯಾಯಕ್ಕೊಳಗಾದ ತಂಡ ದಂಡ ಬೇಡವೆಂದು ಬಿಟ್ಟುಕೊಟ್ಟು, ಆಟದಲ್ಲಿ ಬಂದ ಫಲವನ್ನೇ ಇಟ್ಟುಕೊಳ್ಳಬಹುದು. ಇಷ್ಟಿದ್ದೂ 2019ರ ಜನವರಿ 20ರಂದು ನ್ಯೂ ಆರ್ಲಿಯನ್ಸಿನಲ್ಲಿ ಸೇಂಟ್ಸ್ ಮತ್ತು ರ‍್ಯಾಮ್ಸ್ ತಂಡಗಳ ಪಂದ್ಯ 20-20ರ ಸಮದಲ್ಲಿದ್ದಾಗ, ಚೆಂಡು ಬರುವ ಮೊದಲೇ ಸೇಂಟ್ಸ್ ಆಟಗಾರನಿಗೆ ರ‍್ಯಾಮ್ಸ್ ಆಟಗಾರ ಢಿಕ್ಕಿ ಹೊಡೆದದ್ದು ಕ್ರೀಡಾಂಗಣಕ್ಕೆಲ್ಲ ಕಂಡರೂ ಬಾವುಟ ಬೀಳಲಿಲ್ಲ. ರ‍್ಯಾಮ್ಸ್ 26-23ರಿಂದ ಗೆದ್ದು ಸೂಪರ್ ಬೌಲಿಗೆ ಹೋಯಿತು. ಮುಂದಿನ ಹಂಗಾಮಿಗೆ ಅಂಥ ತಪ್ಪನ್ನು ವಿಡಿಯೋದಲ್ಲಿ ಮರುಪರಿಶೀಲಿಸುವ ನಿಯಮ ತಂದರು. ಒಂದೇ ವರ್ಷದಲ್ಲಿ ಬೇಸತ್ತು ಕೈಬಿಟ್ಟರು. ಭುಜದ ಕೆಳಗೆ ಬೆಳಕಿದೆಯೇ ಎಂಬುದನ್ನು ಕ್ಯಾಮೆರಾ ಹೇಳಬಲ್ಲದು. ತಳ್ಳಿದ್ದು ತಪ್ಪಾಗುವಷ್ಟು ಜೋರಾಗಿತ್ತೇ ಎಂಬುದನ್ನು ಮನುಷ್ಯನೇ ಹೇಳಬೇಕು.

ಕುಸ್ತಿಯಲ್ಲಿ ಜೋಡಿ ಕಟ್ಟುವ ಕೆಲಸವನ್ನು ಇಂದು ತಕ್ಕಡಿಗೆ ಒಪ್ಪಿಸಿದ್ದೇವೆ. ದಂಡ ಈಗ ಅಲ್ಲಿಗೂ ಬಂದು ಕೂತಿದೆ. 2024ರ ಆಗಸ್ಟ್ 7ರ ಬೆಳಿಗ್ಗೆ ಪ್ಯಾರಿಸ್ಸಿನಲ್ಲಿ 50 ಕೆ.ಜಿ. ವರ್ಗದ ಫೈನಲ್ಲಿಗೆ ಬಂದಿದ್ದ ವಿನೇಶ್ ಫೋಗಟ್ 100 ಗ್ರಾಂ ಹೆಚ್ಚು ತೂಗಿದರು. ಮೊದಲ ದಿನ ತೂಕ ಸರಿಯಿತ್ತು. ಆ ದಿನ ಗೆದ್ದ ಮೂರು ಕುಸ್ತಿಗಳೂ ಸರಿಜೋಡಿಯ ಕುಸ್ತಿಗಳೇ. ಎರಡನೆಯ ದಿನದ ಕುಸ್ತಿಗೆ ಜೋಡಿ ಆಗುವುದಿಲ್ಲವೆಂದು ನಿಲ್ಲಿಸಿದ್ದರೆ ಯಾವ ಜಾತ್ರೆಯ ಪಂಚನೂ ಒಪ್ಪುತ್ತಿದ್ದ. ಆದರೆ ನಿಯಮ ಅವರನ್ನು ಇಡೀ ಸ್ಪರ್ಧೆಯಿಂದಲೇ ಕಿತ್ತು ಕೊನೆಯ ಸ್ಥಾನಕ್ಕೆ ತಳ್ಳಿತು. ಆಗಸ್ಟ್ 14ರಂದು ಅವರ ಮೇಲ್ಮನವಿಯನ್ನು ವಜಾ ಮಾಡಿದ ಕ್ರೀಡಾ ನ್ಯಾಯಮಂಡಳಿ, ವಿವರವಾದ ತೀರ್ಪಿನಲ್ಲಿ ಈ ದಂಡ ವಿಪರೀತ ಕಠಿಣವೆಂದು ತಾನೇ ಬರೆದು, ನಿಯಮ ಮಾತ್ರ ನಿಯಮವೆಂದಿತು. ಸೆಮಿಫೈನಲ್ಲಿನಲ್ಲಿ ಅವರಿಗೆ ಸೋತಿದ್ದ ಕ್ಯೂಬಾದ ಯುಸ್ನೇಯ್ಲಿಸ್ ಗುಜ್ಮಾನ್ ಫೈನಲ್ ಆಡಿದರು. ಮೊದಲ ಸುತ್ತಿನಲ್ಲೇ ವಿನೇಶ್ ಅವರಿಗೆ ಸೋತಿದ್ದ ಜಪಾನಿನ ಯೂಯಿ ಸುಸಾಕಿಗೆ, ಫೈನಲ್ ತಲುಪಿದವರಿಗೆ ಸೋತವರೆಂಬ ಲೆಕ್ಕದಲ್ಲಿ, ಕಂಚಿನ ಕುಸ್ತಿ ಸಿಕ್ಕಿತು. ಆಕೆ ಅದನ್ನು ಗೆದ್ದರು. ಸುಸಾಕಿಯ ಸೋಲು ಪುಸ್ತಕದಲ್ಲಿ ಉಳಿಯಿತು, ಸೋಲಿಸಿದವಳ ಗೆಲುವಿಗೆ ಅಲ್ಲಿ ಯಾವ ಬೆಲೆಯೂ ಉಳಿಯಲಿಲ್ಲ.