ಹದಿನೈದೂವರೆ ಪೌಂಡು

ಕೃಷ್ಣ, ಭೀಮ, ಅರ್ಜುನರು ಎದುರು ನಿಂತು ‘ನಮ್ಮಲ್ಲಿ ಒಬ್ಬನನ್ನು ಆರಿಸಿಕೊ’ ಎಂದಾಗ ಜರಾಸಂಧ ಆರಿಸಿಕೊಂಡದ್ದು ಭೀಮನನ್ನು. ಸಮಬಲನೊಡನೆ ಹೋರುವುದೇ ಮಲ್ಲಧರ್ಮವೆಂದು ಅವನು ಬಗೆದ. ತರಗತಿಯಲ್ಲಿ ಈ ಪ್ರಸಂಗವನ್ನು ಹೇಳುವಾಗಲೆಲ್ಲ ನನಗೆ ಪಶ್ಚಿಮದ ಮುಷ್ಟಿಯುದ್ಧದ ತೂಕದ ವರ್ಗಗಳು ನೆನಪಾಗುತ್ತಿದ್ದವು. ಜರಾಸಂಧ ಸ್ವಂತ ವಿವೇಕದಿಂದ ಮಾಡಿದ್ದನ್ನು ಅಲ್ಲಿ ತಕ್ಕಡಿ ಮಾಡುತ್ತದೆ. 147 ಪೌಂಡಿನವರೆಗೆ ವೆಲ್ಟರ್‌ವೇಟ್, 160ರವರೆಗೆ ಮಿಡ್ಲ್‌ವೇಟ್, 175ರವರೆಗೆ ಲೈಟ್ ಹೆವಿವೇಟ್. ಆದರೂ ತನ್ನ ಮೆಟ್ಟಿಲಲ್ಲಿ ಎಲ್ಲರನ್ನೂ ಗೆದ್ದವನಿಗೆ ಮೇಲಿನ ಮೆಟ್ಟಿಲು ಕಾಣದಿರುವುದಿಲ್ಲ. ಹಣವಿರುವುದೂ ಅಲ್ಲಿಯೇ.

1941ರ ಜೂನ್ 18ರಂದು ನ್ಯೂಯಾರ್ಕಿನಲ್ಲಿ ಬಿಲ್ಲಿ ಕಾನ್ ಹೆವಿವೇಟ್ ಚಾಂಪಿಯನ್ ಜೋ ಲೂಯಿಯನ್ನು ಎದುರಿಸಿದ. ಲೂಯಿ ಅವನಿಗಿಂತ ಸುಮಾರು ಇಪ್ಪತ್ತೈದು ಪೌಂಡು ಹೆಚ್ಚು ಭಾರದವನು. ಹನ್ನೆರಡು ಸುತ್ತು ಮುಗಿದಾಗ ಅಂಕ ಕೊಡುವ ಮೂವರಲ್ಲಿ ಇಬ್ಬರ ಲೆಕ್ಕದಲ್ಲಿ ಕಾನ್ ಮುಂದಿದ್ದ. ತಪ್ಪಿಸಿಕೊಂಡು ಆಡಿದ್ದರೆ ಸಾಕಿತ್ತು. ಹೊಡೆದುರುಳಿಸುವ ಆಸೆಯಿಂದ ಮುನ್ನುಗ್ಗಿ, ಹದಿಮೂರನೆಯ ಸುತ್ತು ಮುಗಿಯಲು ಎರಡು ಸೆಕೆಂಡು ಉಳಿದಿರುವಾಗ ತಾನೇ ಉರುಳಿದ.

ಇದನ್ನು ದುಡುಕು ಎನ್ನಬಹುದು. ಷುಗರ್ ರೇ ರಾಬಿನ್ಸನ್ನನ ವಿಷಯದಲ್ಲಿ ಹಾಗೆನ್ನಲು ಬಾರದು. ವೆಲ್ಟರ್‌ವೇಟ್, ಮಿಡ್ಲ್‌ವೇಟ್ ಎರಡೂ ಪಟ್ಟಗಳನ್ನು ಪಡೆದಿದ್ದ ಅವನು 1952ರ ಜೂನ್ 25ರಂದು ಯಾಂಕೀ ಸ್ಟೇಡಿಯಂನಲ್ಲಿ ಲೈಟ್ ಹೆವಿವೇಟ್ ಪಟ್ಟಕ್ಕಾಗಿ ಜೋಯಿ ಮ್ಯಾಕ್ಸಿಮ್‌ನೊಡನೆ ಸೆಣಸಿದ. ರಾಬಿನ್ಸನ್ 157½ ಪೌಂಡು, ಮ್ಯಾಕ್ಸಿಮ್ 173. ದೀಪಗಳ ಕೆಳಗೆ, ಕಣದ ಬಳಿ 104 ಡಿಗ್ರಿ ಫ್ಯಾರನ್‌ಹೀಟ್ ಸೆಕೆ. ಮ್ಯಾಕ್ಸಿಮ್ ಸಿಡಿಲಿನಂತೆ ಬಡಿಯುವವನಲ್ಲ. ಹತ್ತಿರ ಬಂದಾಗ ತಬ್ಬಿ ಮೈಭಾರವನ್ನೆಲ್ಲ ಎದುರಾಳಿಯ ಮೇಲೆ ಹೇರುವವನು. ಭಾರದವನು ಹೊಡೆಯಲೇಬೇಕೆಂದಿಲ್ಲ, ಒರಗಿದರೂ ಸಾಕು. ಆ ಹೆಚ್ಚಿನ ಹದಿನೈದೂವರೆ ಪೌಂಡನ್ನು ಹಗುರಾದವನು ಸುತ್ತುಸುತ್ತಿಗೂ ಹೊರಬೇಕು. ರಾಬಿನ್ಸನ್ನನ ಬಂಡವಾಳ ಕಾಲಿನ ಚುರುಕು, ಕರಗಿದ್ದೂ ಅದೇ. ಹತ್ತನೆಯ ಸುತ್ತಿನ ಹೊತ್ತಿಗೆ ಪಂದ್ಯದ ತೀರ್ಪುಗಾರ ರೂಬಿ ಗೋಲ್ಡ್‌ಸ್ಟೀನನೇ ಸೆಕೆಗೆ ಬಸವಳಿದು, ಅವನ ಜಾಗಕ್ಕೆ ಬೇರೊಬ್ಬ ಬಂದ. ಹದಿಮೂರನೆಯದರಲ್ಲಿ ರಾಬಿನ್ಸನ್ ಬೀಸಿದ ಪೆಟ್ಟು ಗಾಳಿಗೆ ಹೋಗಿ, ಅವನು ಮುಖಕೆಳಗಾಗಿ ಬಿದ್ದ. ಹದಿನಾಲ್ಕನೆಯ ಗಂಟೆಗೆ ಏಳಲಾಗಲಿಲ್ಲ. ಮೂವರ ಲೆಕ್ಕದಲ್ಲೂ ಆಗ ಅವನೇ ಮುಂದಿದ್ದ! ಸುಮಾರು ಇನ್ನೂರು ಪಂದ್ಯಗಳ ಜೀವನದಲ್ಲಿ ಅವನು ಪೂರ್ತಿ ಆಡಲಾರದೆ ಸೋತದ್ದು ಇದೊಂದೇ ಸಲ.

ಮೇಲೇರಿದ್ದರ ಬೆಲೆ ಅದೇ ರಾತ್ರಿ ಸಲ್ಲಿಕೆಯಾಗಬೇಕೆಂಬ ನಿಯಮವಿಲ್ಲ. ಕ್ಯೂಬಾದ ಬೆನ್ನಿ ಪಾರೆಟ್ 1961ರ ಸೆಪ್ಟೆಂಬರಿನಲ್ಲಿ ಎಮಿಲ್ ಗ್ರಿಫಿತ್‌ನಿಂದ ವೆಲ್ಟರ್‌ವೇಟ್ ಪಟ್ಟವನ್ನು ಮರಳಿ ಪಡೆದ. ಡಿಸೆಂಬರ್ 9ರಂದು ಲಾಸ್ ವೇಗಾಸಿನಲ್ಲಿ ಮೇಲಿನ ವರ್ಗದ ಜೀನ್ ಫುಲ್ಮರ್‌ನ ಎದುರು ನಿಂತು, ಪೆಟ್ಟುಗಳನ್ನು ಧಾರಾಳವಾಗಿ ತಿಂದು ಹತ್ತನೆಯ ಸುತ್ತಿನಲ್ಲಿ ಕುಸಿದ. ಅಲ್ಲಿಂದ 105 ದಿನಕ್ಕೆ, 1962ರ ಮಾರ್ಚ್ 24ರಂದು, ಮತ್ತೆ ಗ್ರಿಫಿತ್‌ನೊಡನೆ ಪಂದ್ಯ. ತೂಕ ನೋಡುವ ಹೊತ್ತಿನಲ್ಲಿ ಪಾರೆಟ್ ಆಡಿದ ಹೀನ ಮಾತು, ಅದರಿಂದ ಕೆರಳಿದ ಗ್ರಿಫಿತ್‌ನ ಸಿಟ್ಟು, ಇವನ್ನೇ ಎಲ್ಲರೂ ಹೇಳುತ್ತಾರೆ. ಕಥೆಗೆ ಅದು ಒಪ್ಪುತ್ತದೆ. ಹನ್ನೆರಡನೆಯ ಸುತ್ತಿನಲ್ಲಿ ಮೂಲೆಗೆ ಸಿಕ್ಕಿ ಹಗ್ಗಕ್ಕೆ ಒರಗಿದ್ದ ಪಾರೆಟ್‌ನ ತಲೆಯ ಮೇಲೆ ಗ್ರಿಫಿತ್ ಒಂದೇ ಸಮನೆ ಗುದ್ದಿದ. ತೀರ್ಪುಗಾರ ನಡುವೆ ಬರುವಷ್ಟರಲ್ಲಿ ಅವನಿಗೆ ಪ್ರಜ್ಞೆ ತಪ್ಪಿತ್ತು. ಆ ತೀರ್ಪುಗಾರನೂ ರೂಬಿ ಗೋಲ್ಡ್‌ಸ್ಟೀನನೇ. ಏಪ್ರಿಲ್ 3ರಂದು ಪಾರೆಟ್ ತೀರಿಕೊಂಡ, ವಯಸ್ಸು ಇಪ್ಪತ್ತೈದು.

ಡಿಸೆಂಬರಿನ ಪೆಟ್ಟುಗಳಿಂದಲೇ ಅವನು ಸತ್ತನೆಂದು ಸಾಧಿಸಲಾಗದು. ಆದರೆ ಆ ಮೂರೂವರೆ ತಿಂಗಳನ್ನು ಬಿಟ್ಟು, ಒಂದು ಬೈಗುಳದಿಂದ ಕಥೆಯನ್ನು ಆರಂಭಿಸುವುದು ನನಗೆ ನ್ಯಾಯವಾಗಿ ತೋರುವುದಿಲ್ಲ. ಬೈಗುಳಕ್ಕೆ ಕೆರಳಿದವನೊಬ್ಬ ಸಿಗುತ್ತಾನೆ. ದಣಿದ ದೇಹವನ್ನು ಮತ್ತೆ ಕಣಕ್ಕೆ ಕಳಿಸಿದವರು ಹಲವರು. ವಿಚಾರಣೆ ನಡೆದು ಗೋಲ್ಡ್‌ಸ್ಟೀನ್ ನಿರ್ದೋಷಿಯೆಂದಾಯಿತು. ಗ್ರಿಫಿತ್ ಆ ರಾತ್ರಿಯ ನಂತರ ಪೆಟ್ಟನ್ನು ಅಳೆದು ಕೊಡುತ್ತಿದ್ದುದಾಗಿ ತಾನೇ ಹೇಳಿಕೊಂಡ. 1966ರಲ್ಲಿ ಅವನೂ ಮಿಡ್ಲ್‌ವೇಟ್‌ಗೆ ಏರಿ, ಡಿಕ್ ಟೈಗರ್‌ನಿಂದ ಪಟ್ಟವನ್ನು ಗೆದ್ದ.